ಬಾಡಿಗೆ ಕೊಡದ ಅಣ್ಣನ ಮಗಳು

ತೆರಿಗೆಯವರು ಬರುತ್ತಾರೆಂಬ ಸುದ್ದಿ ನಾನ್ಸಾನಾ ಪಟ್ಟಣದ ನಮ್ಮ ಬೀದಿಗೆ ಅವರಿಗಿಂತ ಮೊದಲೇ ಬಂದು ಕೂತಿತ್ತು. ಆ ವಾರ ಬಾಡಿಗೆ ಮನೆಗಳ ಒಡೆಯರೆಲ್ಲ ಇದ್ದಕ್ಕಿದ್ದಂತೆ ಬಡವರಾದರು. ಒಬ್ಬ ತನ್ನ ಕೋಣೆಗಳಿಗೆ ಬೀಗ ಜಡಿದು, ಒಳಗಿದ್ದವರನ್ನು ಹಿತ್ತಿಲಲ್ಲಿ ಕೂರಿಸಿ, ಎಲ್ಲ ಖಾಲಿ ಅಂದ. ಇನ್ನೊಬ್ಬಳು ಮನುಷ್ಯರಿದ್ದ ಕೋಣೆಗೆ ನಾಲ್ಕು ಮೂಟೆ ಜೋಳ ತಳ್ಳಿ ಗೋಡೌನು ಅಂದಳು. ನಮ್ಮ ಒಡತಿ ನಾಲೊಂಗೊ ಇವರೆಲ್ಲರಿಗಿಂತ ಬುದ್ಧಿವಂತೆ. ಅವಳು ನಮ್ಮನ್ನೆಲ್ಲ ನೆಂಟರನ್ನಾಗಿ ಮಾಡಿಕೊಂಡಳು.

ನಾಲೊಂಗೊ ಅಂದರೆ ಅವಳಿ ಹೆತ್ತವಳು. ಎಲ್ಲರೂ ಹಾಗೇ ಕರೆದು ಕರೆದು ಅವಳ ಸ್ವಂತ ಹೆಸರು ಅವಳಿಗೇ ಮರೆತಿರಬೇಕು. ಗಂಡ ಬಿಟ್ಟುಹೋದ ಜಾಗದಲ್ಲಿ ಒಂದಕ್ಕೊಂದು ಅಂಟಿದಂತೆ ಆರು ಕೋಣೆ ಕಟ್ಟಿಸಿ, ಆ ಬಾಡಿಗೆಯಲ್ಲೇ ಅವಳಿಗಳನ್ನು ಓದಿಸುತ್ತಿದ್ದಳು. ಕೆಟ್ಟವಳಲ್ಲ. ಯಾರ ಮಗುವಿಗಾದರೂ ಜ್ವರ ಬಂದಿದ್ದರೆ ಆ ತಿಂಗಳು ಬಾಡಿಗೆಯ ಮಾತೆತ್ತುತ್ತಿರಲಿಲ್ಲ. ಆದರೆ ತೆರಿಗೆ ಅಂದರೆ ಮೈಯೆಲ್ಲ ಉರಿ.

"ಒಂದಷ್ಟು ಬಿಟ್ಟು, ಮಿಕ್ಕ ಬಾಡಿಗೆಗೆಲ್ಲ ನೂರಕ್ಕೆ ಹನ್ನೆರಡಂತೆ" ಎಂದು ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಬೈಯುತ್ತಿದ್ದಳು. "ಮಳೆಗೆ ಗೋಡೆ ಕುಸೀತಲ್ಲ, ಆ ಖರ್ಚು ಕಳೀರಿ ಅಂದ್ರೆ ಕಳೆಯಲ್ವಂತೆ. ಪಾಯಿಖಾನೆ ಗುಂಡಿ ತೆಗೆಸಿದ್ದೂ ಲೆಕ್ಕಕ್ಕಿಲ್ಲ. ಹಾಳಾಗ್ಹೋಗ್ಲಿ, ಮಾರಿಬಿಡೋಣ ಅಂದ್ರೆ ಮಾರಿದ ಲಾಭದಲ್ಲೂ ಪಾಲು ಕೇಳ್ತಾರಂತೆ. ಇವ್ರೇನು ನನ್ ಜೊತೆ ಇಟ್ಟಿಗೆ ಹೊತ್ತಿದ್ರಾ, ಫೀನಾ ಅಮ್ಮಾ?"

ನಾನು ಹೂಂ ಅಂದೆ. ನನ್ನ ಕೋಣೆಯ ಬಾಡಿಗೆ ಏರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಳು, ಅದಕ್ಕೆ ಹೂಂ ಅಂದೆ. ತೆರಿಗೆ ಬಾಡಿಗೆಗೆ ತಾನೆ, ನೆಂಟರು ಸುಮ್ಮನೆ ಉಳಿದುಕೊಂಡಿದ್ದರೆ ಬಾಡಿಗೆ ಎಲ್ಲಿಂದ ಬಂತು. ಹಾಗಾಗಿ ನಾನು ಅವಳ ತಾಯಿ ಕಡೆಯ ತಂಗಿಯಾದೆ. ಪಕ್ಕದ ಕೋಣೆಯ ಮುದುಕ ಮೆಕ್ಯಾನಿಕ್ ಅವಳ ಗಂಡನ ಚಿಕ್ಕಪ್ಪನಾದ. ಹಿಂದಿನ ದಿನ ಎಲ್ಲರಿಗೂ ಪಾಠ ಹೇಳಿಕೊಟ್ಟಿದ್ದಳು. ನಾವು ನಕ್ಕು ನಕ್ಕು ಸುಸ್ತಾಗಿದ್ದೆವು. ನನ್ನ ಇನ್ನೊಂದು ಪಕ್ಕದ ಕೋಣೆಯಲ್ಲಿದ್ದ ಹುಡುಗಿ ಸ್ಕೋವಿಯಾ ಒಬ್ಬಳು ಮಾತ್ರ ಆಗ ಇರಲಿಲ್ಲ. ಸಲೂನಿನಲ್ಲಿ ಯಾವುದೋ ಮದುಮಗಳಿಗೆ ಜಡೆ ಹೆಣೆಯುವ ಕೆಲಸವಿದ್ದು ಅವಳು ರಾತ್ರಿ ಅಲ್ಲೇ ಉಳಿದಿದ್ದಳು.

ಮರುದಿನ ತೆರಿಗೆಯ ಹುಡುಗಿ ಬಂದಳು. ಹೆಸರು ಅತುಹೈರೆ, ಪಶ್ಚಿಮದ ಕಡೆಯವಳು, ನಯವಾದ ಮಾತು. ಸಾಕ್ಷಿಗೆಂದು ಜೊತೆಯಲ್ಲಿ ನಮ್ಮ ಬೀದಿಯ ಅಧ್ಯಕ್ಷ ಕಸಿರ್ಯೆ. ಒಂದೊಂದೇ ಬಾಗಿಲಲ್ಲಿ ನಿಂತು ಕೇಳುತ್ತ ಮೂರನೆಯದಕ್ಕೆ ಬರುವ ಹೊತ್ತಿಗೆ ಸ್ಕೋವಿಯಾ ನಿದ್ದೆಗಣ್ಣಲ್ಲಿ ಗೇಟು ದಾಟಿ ಒಳಗೆ ಬಂದಳು. ನಾಲೊಂಗೊ ಒಂದೇ ಹೆಜ್ಜೆಗೆ ಹೋಗಿ ಅವಳ ಹೆಗಲು ತಬ್ಬಿಕೊಂಡಳು.

"ಇವಳು ನನ್ನ ಸತ್ತುಹೋದ ಅಣ್ಣ ಪೊನ್ಸಿಯಾನೊ ಮಗಳು. ನಮ್ಮ ಮಾಂಬಾ ಕುಲದ ಕೂಸು. ಅಣ್ಣನ ಮಗಳ ಹತ್ರ ಬಾಡಿಗೆ ತಗೊಂಡ್ರೆ ಕೈ ಸೇದಿಹೋಗಲ್ವಾ, ನೀವೇ ಹೇಳಿ."

ಹೇಳುತ್ತ ಕಣ್ಣೊರೆಸಿಕೊಂಡಳು ಕೂಡ. ಅತುಹೈರೆ ತಲೆಯಾಡಿಸಿ ಬರೆದುಕೊಂಡಳು. ನಾನು ಬಾಯಿಗೆ ಬಟ್ಟೆ ಒತ್ತಿಕೊಂಡು ನಗು ತಡೆದೆ. ಆ ನಗು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ, ಏಕೆಂದರೆ ನಾನು ಸ್ಕೋವಿಯಾಳ ಮುಖ ನೋಡಲೇ ಇಲ್ಲ.

ಆ ಹುಡುಗಿಯನ್ನು ಸಾಕಿದ್ದು ಸನ್ಯಾಸಿನಿಯರ ಅನಾಥಾಲಯ. ತಾಯಿ ಹೆತ್ತು ಸತ್ತಳು, ತಂದೆ ಯಾರೆಂದು ಗೊತ್ತಿಲ್ಲ. ನಮ್ಮಲ್ಲಿ ಕುಲ ಬರುವುದು ತಂದೆಯಿಂದ. ಯಾರ ಮನೆಗೆ ಹೋದರೂ ಕ್ಷೇಮಸಮಾಚಾರ ಆದೊಡನೆ ಕೇಳುವುದೇ ನಿನ್ನ ಕುಲ ಯಾವುದು ಅಂತ. ಆಗೆಲ್ಲ ಸ್ಕೋವಿಯಾ ನೆಲ ನೋಡುತ್ತ, ಯಾವುದೋ ಕೆಲಸ ನೆನಪಾದವಳಂತೆ ಎದ್ದುಹೋಗುತ್ತಿದ್ದಳು.

ಅವತ್ತು ಸಂಜೆ ಅವಳು ನಾಲೊಂಗೊಳ ಅಡುಗೆಮನೆಗೆ ಬಂದು, ನಮ್ಮಲ್ಲಿ ಹಿರಿಯರ ಮುಂದೆ ಹೆಣ್ಣುಮಕ್ಕಳು ಮಾಡುವಂತೆ, ಮಂಡಿಯೂರಿದಳು. ನಾಲೊಂಗೊ ಬಾಳೆಕಾಯಿ ಹೆರೆಯುತ್ತಿದ್ದಳು. ನಾನು ಎಲೆ ಒರೆಸಿ ಕೊಡುತ್ತಿದ್ದೆ.

"ಬೆಳಿಗ್ಗೆ ಹೇಳಿದ್ರಲ್ಲ" ಅಂದಳು. "ನಿಮ್ಮಣ್ಣ ಲಾರಿ ಓಡಿಸ್ತಿದ್ರು ಅಲ್ವಾ? ನಮ್ಮಮ್ಮ ಹೆದ್ದಾರಿ ಪಕ್ಕದ ಹೋಟ್ಲಲ್ಲಿ ಕೆಲಸ ಮಾಡ್ತಿದ್ಲಂತೆ, ಸಿಸ್ಟರ್ ಹೇಳಿದ್ರು. ಅದಕ್ಕೇನಾ ನನಗೆ ಕೋಣೆ ಕೊಟ್ಟಿದ್ದು? ಗೊತ್ತಿದ್ದೂ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ನಾಲೊಂಗೊ ಚಾಕು ನಿಲ್ಲಿಸಿದಳು. ಪೊನ್ಸಿಯಾನೊಗೆ ಮಕ್ಕಳೇ ಇರಲಿಲ್ಲ, ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಅವನಿಗೆ ಆ ಯೋಗವಿಲ್ಲವೆಂದು ಅವಳೇ ನನಗೆ ಒಮ್ಮೆ ಹೇಳಿದ್ದಳು. ಈಗ ಹೇಳುತ್ತಾಳೆ ಎಂದು ಕಾದೆ. ಆದರೆ ತೆರಿಗೆಯ ಹುಡುಗಿ ಮತ್ತೊಮ್ಮೆ ಬಂದು ವಿಚಾರಿಸುವುದಾಗಿ ಹೇಳಿಹೋಗಿದ್ದಳು. ಸ್ಕೋವಿಯಾಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಬೀದಿಗೇ ಗೊತ್ತು.

"ದೇವರು ಯಾರನ್ನ ಎಲ್ಲಿಗೆ ತಂದು ಸೇರಿಸ್ತಾನೋ ಯಾರಿಗ್ಗೊತ್ತು ಮಗಳೇ" ಅಂದಳು ನಾಲೊಂಗೊ, ಮತ್ತೆ ಹೆರೆಯತೊಡಗಿದಳು.

"ಅತ್ತೆ" ಅಂದಳು ಸ್ಕೋವಿಯಾ. ಮೊದಲ ಸಲ.

ನಾನೂ ಬಾಯಿ ಬಿಡಲಿಲ್ಲ. ಬಾಡಿಗೆ ಏರದಿರಲಿ ಎಂದು ನಾನೂ ನೆಂಟಳಾಗಿದ್ದವಳು ತಾನೆ.

ಅಂದಿನಿಂದ ಆ ಹುಡುಗಿಯ ನಡಿಗೆಯೇ ಬದಲಾಯಿತು. ಮಾಂಬಾ ಅಂದರೆ ಕೆಸರಿನಲ್ಲಿ ಬದುಕುವ ಮೀನು. ಆ ಕುಲದವರು ಅದನ್ನು ಮುಟ್ಟುವುದಿಲ್ಲ. ಸಂತೆಯಲ್ಲಿ ಆ ಮೀನು ಕಂಡರೆ ಸ್ಕೋವಿಯಾ ಮಾರುವವಳಿಗೆ ಕೇಳುವಷ್ಟು ಜೋರಾಗಿ, ಅಯ್ಯೋ ನಾವು ತಿನ್ನಲ್ಲಮ್ಮ, ಎಂದು ಹೇಳಿ ಮುಂದೆ ಹೋಗುತ್ತಿದ್ದಳು. ತಿಂಗಳ ಕೊನೆಗೆ ಬಾಡಿಗೆ ಕೊಡುವುದನ್ನಂತೂ ನಿಲ್ಲಿಸಲಿಲ್ಲ. ಈಗ ಅದರ ಜೊತೆ ಒಂದು ಪೊಟ್ಟಣ ಸಕ್ಕರೆ, ಅತ್ತೆಯ ಚಹಾಕ್ಕೆ. ನಾಲೊಂಗೊ ಆ ಸಕ್ಕರೆಯನ್ನು ಬಳಸದೆ ಮೇಲಿನ ಹಲಗೆಯಲ್ಲಿ ಒಟ್ಟುತ್ತಿದ್ದಳು.

ಇಷ್ಟೇ ಆಗಿದ್ದರೆ ಪಾಪ ಸಣ್ಣದು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತೇನೋ. ಸ್ಕೋವಿಯಾಗೆ ಲಾಮೆಕ್ ಎಂಬ ಹುಡುಗನಿದ್ದ. ಕಬ್ಬಿಣದ ಗೇಟುಗಳಿಗೆ ಬೆಸುಗೆ ಹಾಕುವವನು, ಒಳ್ಳೆಯವನು. ಕುಲವಿಲ್ಲದ ಹುಡುಗಿ ಎಂದು ಮನೆಯವರು ಮುಖ ಸಿಂಡರಿಸಿದರೂ ಹಟ ಹಿಡಿದು ಒಪ್ಪಿಸಿದ್ದ. ಅವನ ಕುಲ ಮಾಂಬಾ. ಒಂದೇ ಕುಲದ ಗಂಡು ಹೆಣ್ಣು ನಮ್ಮಲ್ಲಿ ಒಡಹುಟ್ಟಿದವರು, ಮದುವೆಯ ಮಾತೇ ಇಲ್ಲ. ಒಂದು ಭಾನುವಾರ ಸ್ಕೋವಿಯಾ ಅವನನ್ನು ಗೇಟಿನಲ್ಲೇ ತಡೆದು, ನೀನಿನ್ನು ನನಗೆ ಅಣ್ಣ ಅಂದಳು. ಅವನು ಮೊದಲು ತಮಾಷೆಯೆಂದು ನಕ್ಕ. ಆಮೇಲೆ ದಿನಾ ಕೆಲಸ ಮುಗಿಸಿ ಬಂದು ಎದುರಿನ ಚಪಾತಿ ಅಂಗಡಿಯ ಪಕ್ಕ ಸುಮ್ಮನೆ ನಿಲ್ಲತೊಡಗಿದ. ಸ್ಕೋವಿಯಾ ಬಾಗಿಲು ಹಾಕಿಕೊಂಡು ಒಳಗೆ ಅಳುತ್ತಿದ್ದುದು ನನ್ನ ಗೋಡೆಗೆ ಕೇಳುತ್ತಿತ್ತು. ಬೆಳಿಗ್ಗೆ ಮುಖ ತೊಳೆದು ಬಂದು ಅತ್ತೆಗೆ ಮಂಡಿಯೂರುತ್ತಿದ್ದಳು.

"ಹೇಳ್ಬಿಡು ನಾಲೊಂಗೊ" ಎಂದೆ ಕೊನೆಗೆ. "ಒಂದೇ ಮಾತು."

"ಒಂದೇ ಮಾತಾ? ಹೇಳಿದ್ರೆ ಅಧ್ಯಕ್ಷರ ಕಿವಿಗೆ ಬೀಳತ್ತೆ. ಆಮೇಲೆ ತೆರಿಗೆ, ಅದರ ಮೇಲೆ ದಂಡ. ಅವಳಿಗಳ ಫೀಸು ನೀನು ಕಟ್ತೀಯಾ?"

"ಆ ಹುಡ್ಗ ಬೀದೀಲಿ ನಿಂತು ಒಣಗ್ತಿದಾನೆ ಕಣೆ."

"ಬೇರೆ ಹುಡ್ಗ ಸಿಕ್ತಾನೆ ಅವಳಿಗೆ" ಅಂದಳು. ಆದರೆ ನನ್ನ ಮುಖ ನೋಡಿ ಅನ್ನಲಿಲ್ಲ. ಅಷ್ಟು ಹೊತ್ತಿಗೆ ನಾಲೊಂಗೊ ಊಟ ಬಿಟ್ಟು ಅರ್ಧವಾಗಿದ್ದಳು. ಚರ್ಚಿಗೆ ಹೋದರೂ ಪ್ರಸಾದಕ್ಕೆ ಎದ್ದುಹೋಗದೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದಳು. ಸ್ಕೋವಿಯಾಳ ಕೋಣೆಗೆ ಮಾತ್ರ ಹೊಸ ತಗಡು ಹೊದಿಸಿದಳು. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಕೊನೆಗೆ ಲಾಮೆಕ್‌ನ ದೊಡ್ಡಪ್ಪನೇ ಬಂದ. ಕುಲದಲ್ಲಿ ತೂಕವಿದ್ದ ಹಿರಿಯ. ಸಂಬಂಧದ ಮಾತಿಗೆ ಸಾಕ್ಷಿ ಬೇಕೆಂದು ಅಧ್ಯಕ್ಷ ಕಸಿರ್ಯೆಯನ್ನೂ ಕರೆತಂದಿದ್ದ. ಲಾಮೆಕ್ ಗೇಟಿನ ಹೊರಗೇ ಉಳಿದ. ನಾಲೊಂಗೊ ಕುರ್ಚಿ ಹಾಕಿಸಿ, ತಾನು ಚಾಪೆಯ ಮೇಲೆ ಕೂತಳು. ಪಕ್ಕದಲ್ಲಿ ಸ್ಕೋವಿಯಾ ಮಂಡಿಯೂರಿದಳು.

"ಪೊನ್ಸಿಯಾನೊನ ನಾನು ಬಲ್ಲೆ ತಾಯಿ" ಅಂದ ಹಿರಿಯ. "ನಮ್ಮವನೇ. ಅವನಿಗೊಬ್ಳು ಮಗಳಿದ್ಲು ಅಂತ ನನಗೆ ಯಾರೂ ಹೇಳಿರಲಿಲ್ಲ. ಇರ್ಲಿ, ಲಾರಿಯವರ ಬದುಕು. ಇವಳು ಅವನ ಮಗಳೇ ಆದ್ರೆ ನಮ್ಮ ಮಗಳು. ನಾನೇ ಕರ್ಕೊಂಡ್ಹೋಗಿ ಕುಲದ ಹಿರಿಯರ ಮುಂದೆ ನಿಲ್ಲಿಸಿ ಹೆಸರಿಡಿಸ್ತೀನಿ. ಅಲ್ಲ ಅಂದ್ರೆ ನಮ್ಮ ಸೊಸೆ. ಎರಡ್ರಲ್ಲಿ ಯಾವುದು, ನೀನೇ ಹೇಳ್ಬೇಕು."

ಕಸಿರ್ಯೆ ಕೆಮ್ಮಿದ. "ನಾಲೊಂಗೊ, ನಾನೂ ಇಲ್ಲೇ ಕೂತಿದ್ದೀನಿ. ಅದು ನೆನಪಿರ್ಲಿ."

ಪಾಪದವನು, ಅವಳನ್ನು ಉಳಿಸಲೆಂದೇ ಹಾಗೆ ಅಂದ. ನಾಲೊಂಗೊ ಅವನತ್ತ ನೋಡಲಿಲ್ಲ. ಸ್ಕೋವಿಯಾಳತ್ತ ನೋಡಿದಳು. ನಾನೂ ನೋಡಿದೆ. ಆ ಹುಡುಗಿ ಗೇಟಿನ ಕಡೆ ಕಣ್ಣೆತ್ತಿರಲೇ ಇಲ್ಲ. ಹೆಸರಿಡಿಸುತ್ತೇನೆ ಎಂದ ಮುದುಕನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದ ಉತ್ತರ ಯಾವುದೆಂದು ಆ ಮುಖ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಹೌದು ಅಂದುಬಿಟ್ಟಿದ್ದರೆ ತೆರಿಗೆಯೂ ಉಳಿಯುತ್ತಿತ್ತು, ಹುಡುಗಿಯೂ ಕುಣಿಯುತ್ತಿದ್ದಳು. ಅಷ್ಟು ಸುಲಭವಿತ್ತು. ನಾಲೊಂಗೊ ಎರಡು ಕೈಯನ್ನೂ ಮಡಿಲಲ್ಲಿ ಹಿಸುಕಿಕೊಂಡಳು.

"ಬಾಡಿಗೆ ಕೊಡ್ತಾಳೆ" ಅಂದಳು.

"ಏನಂದೆ?" ಅಂದ ಹಿರಿಯ.

"ಬಾಡಿಗೆಗಿರೋಳು. ತಿಂಗಳು ತಿಂಗಳೂ ಕೊಡ್ತಾಳೆ. ಇಲ್ಲಿರೋರೆಲ್ಲ ಕೊಡ್ತಾರೆ. ನನ್ನಣ್ಣನಿಗೆ ಮಕ್ಕಳಿರಲಿಲ್ಲ. ತೆರಿಗೆ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ದೆ. ಇವಳು ನಂಬಿದ್ಲು. ನಾನು ನಂಬಿಸ್ದೆ. ಬರ್ಕೊಳ್ಳಿ ಅಧ್ಯಕ್ಷರೇ, ಆರೂ ಕೋಣೆದು ಬರ್ಕೊಳ್ಳಿ."

ಕಸಿರ್ಯೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಿರಿಯ ದೊಡ್ಡದಾಗಿ ನಕ್ಕುಬಿಟ್ಟ. ಅವನ ಎದೆಯ ಭಾರ ಇಳಿದಿತ್ತು, ಮನೆಗೆ ಸೊಸೆ ಸಿಕ್ಕಿದ್ದಳು. "ಬಾರೋ ಒಳಗೆ" ಎಂದು ಲಾಮೆಕ್‌ನನ್ನು ಕೂಗಿದ. ನಾನು ಚಹಾ ಮಾಡಲು ಎದ್ದೆ, ಯಾಕೆಂದರೆ ಅಲ್ಲಿ ಕೂತಿರಲು ನನ್ನಿಂದಾಗಲಿಲ್ಲ.

ಸ್ಕೋವಿಯಾ ಅಳಲಿಲ್ಲ. ಮಂಡಿಯೂರಿದ್ದಲ್ಲಿಂದ ಅಲ್ಲಾಡಲೂ ಇಲ್ಲ.

"ಹೋದ ತಿಂಗಳು ರಜೆ ಹಾಕಿ ನಿಮ್ಮೂರಿಗೆ ಹೋಗಿದ್ದೆ" ಅಂದಳು. ಈ ಸಲ ಅತ್ತೆ ಎಂದು ಕರೆಯಲಿಲ್ಲ. "ಪೊನ್ಸಿಯಾನೊ ಸಮಾಧಿ ತೋರಿಸಿ ಅಂತ ಅಲ್ಲಿಯವರನ್ನ ಕೇಳ್ದೆ. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಎಲ್ಲ ಕಿತ್ತು, ತಲೆ ಹತ್ರ ಒಂದು ಹೂವಿನ ಗಿಡ ನೆಟ್ಟೆ. ಅಪ್ಪಾ ಅಂತ ಕರೆದು ಮಾತಾಡಿದೆ, ತುಂಬಾ ಹೊತ್ತು."

ನಾಲೊಂಗೊ ಬಾಯಿಗೆ ಕೈ ಅಡ್ಡ ಹಿಡಿದಳು.

"ಆ ಗಿಡ ಕಿತ್ತುಬಿಡಲಾ? ಅಥವಾ ಇರಲಿ ಅಂತೀರಾ?"

ಲಾಮೆಕ್ ಒಳಗೆ ಬಂದು ನಿಂತಿದ್ದ, ಮುಖದಲ್ಲಿ ನಗು ಇನ್ನೂ ಪೂರ್ತಿ ಅರಳಿರಲಿಲ್ಲ. ಸ್ಕೋವಿಯಾ ಎದ್ದು ಅವನ ಪಕ್ಕದಿಂದ ಹಾದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.