ಭಾಳ ಸುಧಾರಿಸ್ಯಾಳ

ಬಸ್ಸಿನ ಗಾಜು ಒಡೆದದ್ದು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೋರ್ಟಿನಲ್ಲಿ ನಾನೇ ಅಂತ ಒಪ್ಪಿಕೊಂಡಿದ್ದೇನೆ.

ಕುಡಿಯುವ ನೀರು ಬರಲಿಲ್ಲವೆಂದು ಊರಿಗೆ ಊರೇ ತಿರ್ಲಾಪುರದ ಕ್ರಾಸಿನಲ್ಲಿ ರಸ್ತೆಗೆ ಅಡ್ಡ ಕೂತಿತ್ತು. ಖಾಲಿ ಕೊಡ ಹಿಡಿದು ನಾನೂ ಹೋಗಿದ್ದೆ. ಬಸ್ಸಿಗೆ ಕಲ್ಲು ಒಗೆದವರು ಮಡಿವಾಳೆಪ್ಪ ಕಾಕಾ, ನನ್ನ ಗಂಡನ ಚಿಕ್ಕಪ್ಪ. ನಾನು ನೋಡಿದೆ. ಬಾಜು ನಿಂತಿದ್ದ ನಮ್ಮ ಮನೆಯವರೂ ನೋಡಿದರು. ಪೊಲೀಸರು ಮಾತ್ರ ನೋಡಲಿಲ್ಲ, ಹಾಗಾಗಿ ಕೈಗೆ ಸಿಕ್ಕವರ ಹೆಸರನ್ನೆಲ್ಲ ಬರೆದುಕೊಂಡು ಹೋದರು. ನನ್ನದೂ ಇತ್ತು, ಕಾಕಾನದೂ ಇತ್ತು. ನಮ್ಮ ಮನೆಯವರು ಅಷ್ಟೊತ್ತಿಗೆ ಮನೆ ಸೇರಿದ್ದರು.

ಕೇಸು ನಡೆದಿರುವಾಗ ಕಾಕಾ ಬಂದರು.

"ದಾನೇಶ್ವರಿ, ಯಾರರೆ ಒಬ್ರು ಒಪ್ಪಿಕೊಂಡ್ರ ಉಳದವರದು ಹಗುರ ಆಗತೈತಿ. ಗಂಡಸರಿಗಾದ್ರ ಜೈಲು. ಹೆಣ್ಣಮಗಳಂದ್ರ ಸಾಹೇಬ್ರು ದಂಡ ಹಾಕಿ ಕಳಸ್ತಾರ. ಅಲ್ಲಿಗೆ ಮುಗೀತು."

"ಕಾಕಾ ಹೇಳಾಕತ್ತಾರಂದ್ರ ಹೂಂ ಅನ್ನು," ಅಂದರು ನಮ್ಮ ಮನೆಯವರು. ಹೂಂ ಅಂದೆ. ನವಲಗುಂದದ ಕೋರ್ಟಿನಲ್ಲಿ ತಪ್ಪೊಪ್ಪಿ, ದಂಡ ಕಟ್ಟಿ ಹೊರಬಂದಾಗ ಕಾಕಾ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದರು.

ಆಮೇಲೆ ಸರ್ಕಾರ ಆ ಕೇಸನ್ನು ವಾಪಸ್ ತೆಗೆದುಕೊಂಡಿತು. ಊರಲ್ಲಿ ಪಟಾಕಿ ಹಚ್ಚಿ ಕಾಕಾಗೆ ಮಾಲೆ ಹಾಕಿದರು. ನಾನೂ ಚಪ್ಪಾಳೆ ಹೊಡೆದೆ, ಅಷ್ಟು ಶಾಣೆ ನಾನು. ವಾಪಸ್ ಆಗುವುದು ನಡೆಯುತ್ತಿರುವ ಕೇಸು ಮಾತ್ರ, ಒಪ್ಪಿಕೊಂಡು ಶಿಕ್ಷೆಯಾದದ್ದು ಹಾಗೇ ಉಳಿಯುತ್ತದೆ ಅಂತ ನನಗೆ ಯಾರು ಹೇಳಬೇಕು? ಅಂಗನವಾಡಿ ಸಹಾಯಕಿ ಕೆಲಸಕ್ಕೆ ಆಯ್ಕೆಯಾಗಿ, ಪೊಲೀಸ್ ತಪಾಸಣೆಯಲ್ಲಿ ಹೆಸರು ಹೊಡೆದುಹಾಕಿದಾಗ ಗೊತ್ತಾಯಿತು. ಇಡೀ ಚಳವಳಿಗೆ ಉಳಿದ ಅಪರಾಧಿ ನಾನೊಬ್ಬಳೇ.

ವಕೀಲರು ಒಂದೇ ದಾರಿ ತೋರಿಸಿದರು: ಕ್ಷಮೆ ಕೋರಿ ರಾಜ್ಯಪಾಲರಿಗೆ ಅರ್ಜಿ. ಕ್ಷಮೆ ಸಿಕ್ಕರೆ, ವಯಸ್ಸು ಮೀರುವುದರೊಳಗೆ ಇನ್ನೊಮ್ಮೆ ಆ ಕೆಲಸಕ್ಕೆ ಹಾಕಬಹುದು.

"ನಾ ಮಾಡಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ," ಅಂದರು. "ಕ್ಷಮಾ ಕೇಳಾವ್ರು ತಪ್ಪು ಒಪ್ಪಿರಬೇಕು."

ಮಾಡದ ತಪ್ಪನ್ನು ಎರಡನೇ ಸಲ ಒಪ್ಪಿದ ಹಾಗಾಗುತ್ತಿತ್ತು. ಆದರೂ ಸಹಿ ಮಾಡಿದೆ.

ಹೋದ ವಾರ ವಿಚಾರಣೆಗೆ ಹವಾಲ್ದಾರರು ಬಂದರು. ನನ್ನ ನಡತೆ ಹೇಗೆಂದು ಊರ ಹಿರಿಯರನ್ನು ಕೇಳಬೇಕಂತೆ. ಈಗ ಕಾಕಾನೇ ಹಿರಿಯರು. ನಮ್ಮ ಪಡಸಾಲೆಯಲ್ಲಿ ಕೂತು, ನಾನು ಮಾಡಿದ ಚಹಾ ಕುಡಿದು, ಬಹಳ ಪ್ರೀತಿಯಿಂದ ಹೇಳಿದರು.

"ಆಗ ಸಣ್ಣ ವಯಸ್ಸು, ಸಿಟ್ಟು ಭಾಳ ಇತ್ರಿ. ಕಲ್ಲು ತಗೊಂಡು ಒಗದಬಿಟ್ಲು. ನಾ ಬ್ಯಾಡಂದ್ರೂ ಕೇಳಲಿಲ್ಲ. ಈಗ ಭಾಳ ಸುಧಾರಿಸ್ಯಾಳ್ರಿ."

ನಾನು ಅವರ ಮುಖವನ್ನೇ ನೋಡಿದೆ. ನಾಟಕವಾಗಿದ್ದರೆ ಒಂದು ಸಲವಾದರೂ ನನ್ನ ಕಡೆ ಕಣ್ಣು ಹಾಯಿಸುತ್ತಿದ್ದರು. ಇಲ್ಲ. ಹೇಳಿ ಹೇಳಿ ಅವರೇ ಅದನ್ನು ನಂಬಿಬಿಟ್ಟಿದ್ದರು.

ಹವಾಲ್ದಾರರು ನನ್ನ ಗಂಡನ ಕಡೆ ತಿರುಗಿದರು. "ನೀವೇನಂತೀರಿ?"

ನಿಜ ಹೇಳುವುದು ಬೇಡವಾಗಿತ್ತು, ಹೇಳಿದರೆ ಅರ್ಜಿ ಕೆಡುತ್ತಿತ್ತು. ಮೊದಲಿಂದಲೂ ಒಳ್ಳೆಯವಳೇ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು.

"ಹೌದ್ರಿ. ಭಾಳ ಸುಧಾರಿಸ್ಯಾಳ. ನಾನ ತಿಳಿಸಿ ಹೇಳಿ ತಿದ್ದೇನಿ."

ಅವನ ಹೆಸರು ಪ್ರಭು. ಮದುವೆಯಾದಾಗಿನಿಂದ ಗಂಡನ ಹೆಸರು ಹಿಡಿದು ಕರೆದಿರಲಿಲ್ಲ, ಏಕವಚನದಲ್ಲಿ ಮಾತಾಡಿರಲಿಲ್ಲ. ಇನ್ನು ಆ ಮರ್ಯಾದೆ ನನ್ನ ಬಾಯಿಂದ ಬರುವುದಿಲ್ಲ. ಕಾಕಾನ ಮೇಲಿನ ಸಿಟ್ಟು ಹಳೆಯದು, ರೂಢಿಯಾಗಿತ್ತು. ಇವನು ಕಣ್ಣಾರೆ ಕಂಡದ್ದನ್ನು ನುಂಗಿದ್ದು ಸಾಲದೆ, ನನ್ನನ್ನು ತಿದ್ದಿದವನೂ ಆಗಿಬಿಟ್ಟ.

"ಪಶ್ಚಾತ್ತಾಪ ಐತೇನ್ರಿ ನಿಮಗ?" ಹವಾಲ್ದಾರರು ನನ್ನನ್ನು ಕೇಳಿದರು.

"ಐತ್ರಿ," ಅಂದೆ. "ಭಾಳ ಐತಿ."

ಯಾತರದ್ದು ಅಂತ ಅವರು ಕೇಳಲಿಲ್ಲ, ಬರೆದುಕೊಂಡರು. ಕಾಕಾ ಸಮಾಧಾನದಿಂದ ತಲೆ ಆಡಿಸಿದರು. ಪ್ರಭು ಮಾತ್ರ ಗಕ್ಕನೆ ತಲೆ ಎತ್ತಿ ನನ್ನನ್ನು ನೋಡಿದ. ಕಲ್ಲಿನ ಮಾತಲ್ಲ ಅಂತ ಅವನಿಗೆ ತಿಳಿಯಿತು.