ಬೆನ್ನಿನ ಅಳತೆ

ತಮಿಳು ಸೀಮೆಯ ಸೋಮನೂರಿನ ಆ ಬೀದಿಯಲ್ಲಿ ಮನುಷ್ಯರ ದನಿ ಕೇಳುವುದು ಕರೆಂಟು ಹೋದಾಗ ಮಾತ್ರ. ಉಳಿದ ಹೊತ್ತೆಲ್ಲ ಮಗ್ಗಗಳದ್ದೇ ಕಾರುಬಾರು. ಮಗ್ಗ ನಿಂತ ಕೂಡಲೇ ಗೋಮತಿ ಜಗಲಿಗೆ ಬಂದು ಕೂತು, ಅಜ್ಜಿಯ ಬಾಯಿಂದ ಕಲಿತ ಕನ್ನಡದ ಪದವೊಂದನ್ನು ಎತ್ತಿಕೊಳ್ಳುವಳು. ಪಕ್ಕದ ಮನೆಯ ಕನ್ನಿಯಮ್ಮಾಳ್ ನೂಲು ಸುತ್ತುವುದನ್ನು ಬಿಟ್ಟು ಬಂದು, ಒಂದೊಂದು ಸಾಲು ಮುಗಿದಾಗಲೂ ‘ಹೂಂ’ ಎನ್ನುವಳು. ಹೂಂಗುಟ್ಟುವವರಿಲ್ಲದೆ ಪದ ಹೇಳಬಾರದೆಂಬುದು ಆ ಅಜ್ಜಿ ಹಾಕಿಕೊಟ್ಟ ಕಟ್ಟಳೆ. ಮದುವೆಯಾಗಿ ಆ ಬೀದಿಗೆ ಬಂದಾಗಿನಿಂದ ಕನ್ನಿಯಮ್ಮಾಳ್ ಹೂಂಗುಟ್ಟುತ್ತಲೇ ಬಂದಿದ್ದಳು. ತಾನಾಗಿ ಒಂದು ಸಾಲನ್ನೂ ಹೇಳಿದವಳಲ್ಲ. ಕೇಳುವುದೇ ಅವಳಿಗೆ ಪೂಜೆ.

ಅವಳಿಗೆ ತೀರಾ ಇಷ್ಟವಾದದ್ದು ಅಕ್ಕತಂಗಿಯರು ಶಿವನ ಬೆಟ್ಟ ಹತ್ತುವ ಪದ. ಅದನ್ನು ಕೇಳಿ ಕೇಳಿಯೇ, ವೆಳ್ಳಿಯಂಗಿರಿಯ ಏಳು ಬೆಟ್ಟಗಳನ್ನೂ ಒಟ್ಟಿಗೆ ಹತ್ತುವುದೆಂದು ಇಬ್ಬರೂ ಕೈಮೇಲೆ ಕೈಯಿಟ್ಟು ಮಾತು ಕೊಟ್ಟುಕೊಂಡಿದ್ದರು. ಹರೆಯದ ಹೆಂಗಸರು ಆ ಬೆಟ್ಟ ಹತ್ತುವ ವಾಡಿಕೆ ಅವರ ಮನೆಗಳಲ್ಲಿರಲಿಲ್ಲ. ಆದ್ದರಿಂದ ಕಾದರು. ಮುಟ್ಟು ನಿಂತಾಗ ಬೇರೆ ಹೆಂಗಸರು ಮಂಕಾಗಿ ಕೂತರೆ ಇವರು ಸೆರಗು ಬಾಯಿಗಿಟ್ಟು ನಕ್ಕಿದ್ದರು. ಗೋಮತಿಯದು ಮೊದಲು ನಿಂತಿತು. ಕನ್ನಿಯಮ್ಮಾಳಿಗೂ ಆದಾಗ, “ಇನ್ನೇನ್ ಡೀ, ಶಿವನು ಗೇಟು ತೆಗ್ದ!” ಎಂದಿದ್ದಳು ಗೋಮತಿ.

ಈ ಸಲ ಶಿವರಾತ್ರಿ ಕಳೆದದ್ದೇ ಗೋಮತಿ, “ಕನ್ನಿ, ಬಸ್ ಹತ್ತು. ಬೆಟ್ಟಕ್ಕೆ ಬ್ಯಾಗ್ ತರೋಣ. ಬಟ್ಟೆ ಅಂದ್ರೆ ನಿನ್ ಕೈಗೇ ಗೊತ್ತು,” ಎಂದಳು.

ಗಾಂಧಿಪುರದ ಅಂಗಡಿಯವನು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಯಾವ ಕಾಲೇಜಿಗೆ ಹೋಗೋದು ಅಜ್ಜಿ ಎಂದು ತಮಿಳಿನಲ್ಲಿ ಕೀಟಲೆ ಮಾಡಿದ.

“ಮಲೆ ಹತ್ತೋ ಕಾಲೇಜಿಗೆ. ನೀನು ಫೇಲಾದ್ಯಲ್ಲ, ಅದಕ್ಕೆ,” ಎಂದು ಗೋಮತಿ ತಮಿಳಿನಲ್ಲೇ ತಿರುಗಿಸಿ ಕೊಟ್ಟಳು.

ಅವನು ಮೊದಲು ತೋರಿಸಿದ್ದು ಮಿರಮಿರ ಮಿಂಚುವ, ಮೈತುಂಬ ಜೇಬಿನ ಬ್ಯಾಗು. ಕನ್ನಿಯಮ್ಮಾಳ್ ಒಳಗೆ ಕೈಹಾಕಿ ಅಸ್ತರಿನ ಬಟ್ಟೆಯನ್ನು ಬೆಳಕಿಗೆ ಹಿಡಿದಳು. “ಜಲ್ಲಡೆ ಅಕ್ಕ ಇದು. ಎರಡು ಬೆಟ್ಟ ದಾಟಲ್ಲ.” ಎರಡನೆಯದು ಗಟ್ಟಿಯಾಗಿತ್ತು, ಆದರೆ ಬೆಲೆ ಕೇಳಿ ಗೋಮತಿ, “ಇಷ್ಟಕ್ಕೆ ಬೆಟ್ಟಾನೇ ಮನೆಗೆ ತಂದ್ಕೊಡ್ತಾನಾ ಕೇಳು,” ಎಂದಳು. ಮೂರನೆಯದು ಕಡುಹಸಿರು, ಅಂದಚಂದವಿಲ್ಲದ ಸಾದಾ ಬ್ಯಾಗು. ನೇಯ್ಗೆ ಒತ್ತಾಗಿತ್ತು. ಬಾಟಲಿಯ ನೀರು ಚಿಮುಕಿಸಿದರೆ ಹನಿ ಮಣಿಯಾಗಿ ಉರುಳಿಹೋಯಿತು. ಕನ್ನಿಯಮ್ಮಾಳ್ ಜಿಪ್ಪನ್ನು ಒಂದೇ ಕೈಯಲ್ಲಿ ಹಿಂದೆಮುಂದೆ ಎಳೆದಳು, ಎಲ್ಲೂ ಕಚ್ಚಲಿಲ್ಲ. ಸೊಂಟಕ್ಕೆ ದಪ್ಪ ಪಟ್ಟಿಯಿತ್ತು. “ಭಾರ ಹೆಗಲಿಗೆ ಬೀಳ್ಬಾರ್ದು ಅಕ್ಕ. ನೀರಿನ ಕೊಡದ ಹಂಗೆ ಸೊಂಟದ್ ಮೇಲೆ ಕೂರ್ಬೇಕು. ಇದು ಕೂರತ್ತೆ. ಇನ್ನೂ ದೊಡ್ದು ಬೇಡ. ಜಾಗ ಇದ್ರೆ ಸುಮ್ನೆ ತುಂಬ್ತೀವಿ.”

“ಹಂಗಾದ್ರೆ ಹಾಕ್ಕೊಂಡ್ ನೋಡು.”

ಅಂಗಡಿಯವನು ಒಳಗೆ ಹಳೆಯ ಕಂಬಳಿಗಳನ್ನು ತುಂಬಿಕೊಟ್ಟ. ಕನ್ನಿಯಮ್ಮಾಳ್ ಅದನ್ನು ಬೆನ್ನಿಗೇರಿಸಿ ಅಂಗಡಿಯ ಮೆಟ್ಟಿಲು ಹತ್ತಿದಳು, ಇಳಿದಳು. ಗೋಮತಿ ಹಿಂದಿನಿಂದ ಅವಳ ಬೆನ್ನನ್ನೇ ನೋಡುತ್ತಿದ್ದಳು.

“ನಿನ್ ಬೆನ್ನಿಗೆ ಸರಿಯಾಗಿ ಕೂತ್ರೆ ಸಾಕು. ಪಟ್ಟಿ ಅಲ್ಲಿಗೇ ಬಿಗಿ ಮಾಡು.”

“ನಿನ್ ಬೆನ್ನು ನೀಳ ಅಲ್ವಾ ಅಕ್ಕ? ಒಂದು ಬೆಟ್ಟ ನಾನು ಹೊತ್ರೆ ಒಂದು ಬೆಟ್ಟ ನೀನು ಹೊರ್ಬೇಕಲ್ಲ?”

“ನಂದಿರ್ಲಿ ಬಿಡು ನನ್ ಕಣ್ಣೇ.”

ಆ ಮಾತು ಕನ್ನಿಯಮ್ಮಾಳಿಗೆ ವಾಪಸು ಬರುವ ದಾರಿಯುದ್ದಕ್ಕೂ ಬೆಲ್ಲದ ಚೂರಿನಂತೆ ಬಾಯಲ್ಲೇ ಉಳಿಯಿತು. ಹೆಗಲಪಟ್ಟಿಯ ಬುಡದ ಹೊಲಿಗೆಯೊಂದು ಅವಳಿಗೆ ಗಟ್ಟಿ ಅನ್ನಿಸಿರಲಿಲ್ಲ. ಬ್ಯಾಗನ್ನು ತನ್ನ ಮನೆಗೇ ಒಯ್ದು, ತನ್ನ ಮಗ್ಗದ ದಪ್ಪ ಬಟ್ಟೆಯ ತುಂಡಿಟ್ಟು, ಮೇಣ ಹಚ್ಚಿದ ದಾರದಲ್ಲಿ ಇಮ್ಮಡಿ ಹೊಲಿದಳು. ಸೂಜಿ ಚುಚ್ಚಿದಾಗಲೆಲ್ಲ ಶಿವ ಶಿವ ಎಂದಳು.

ಮರುದಿನ ಮಧ್ಯಾಹ್ನ ಅದನ್ನು ಕೊಡಲು ಹೋದಾಗ ಬಾಗಿಲಲ್ಲಿದ್ದವಳು ಗೋಮತಿಯ ಸೊಸೆ ಜನನಿ. ಹೊಲಿಗೆಯನ್ನು ಸವರಿ ನೋಡಿ ಅವಳ ಮುಖ ಅರಳಿತು.

“ಅಯ್ಯೋ ಚಿಕ್ಕತ್ತೆ, ಎಷ್ಟು ಕಷ್ಟಪಟ್ಟಿದ್ದೀರಿ! ನಮ್ಮಮ್ಮಂಗೆ ಕರೆಕ್ಟಾಗಿರತ್ತೆ. ಅವರ ಬೆನ್ನೂ ನಿಮ್ ಬೆನ್ನೂ ಒಂದೇ ಅಳತೆ ಅಂತ ಅತ್ತೆ ಮೊದ್ಲೇ ಅಂದಿದ್ರು.”

ಜನನಿಯ ತಾಯಿ ಶಿವಗಾಮಿ ತುಡಿಯಲೂರಿನವರು. ಸ್ವಂತ ವರ್ಕ್‌ಶಾಪು, ಸ್ವಂತ ವ್ಯಾನು.

“ನಿಮ್ಮಮ್ಮನೂ ಬರ್ತಾರಾ?” ಎಂದಳು ಕನ್ನಿಯಮ್ಮಾಳ್.

“ಅಮ್ಮ, ಅತ್ತೆ, ಅಮ್ಮನ ಅಕ್ಕತಂಗೀರು. ಭಾನುವಾರ ವ್ಯಾನ್ ಫುಲ್ಲು. ನಿಮಗೇ ಮೊಣಕಾಲು ಆಗಲ್ವಂತಲ್ಲ, ಬರಲ್ಲ ಅಂದ್ರಂತೆ. ಪಾಪ ಅನ್ನಿಸ್ತು.”

ಕನ್ನಿಯಮ್ಮಾಳ್ ತನ್ನ ಮೊಣಕಾಲುಗಳನ್ನು ನೋಡಿಕೊಂಡಳು. ಅಂಗಡಿಯ ಮೆಟ್ಟಿಲನ್ನು ಹೊರೆ ಹೊತ್ತು ಹತ್ತಿ ಇಳಿದ ಮೊಣಕಾಲುಗಳು.

ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ ಗೋಮತಿ ಬ್ಯಾಗನ್ನು ನೋಡಿದಳು, ಸೊಸೆಯ ಮುಖ ನೋಡಿದಳು. ಏನಾಗಿದೆಯೆಂದು ಅವಳಿಗೆ ತಿಳಿಯಿತು.

“ಸಂಬಂಧಿಯಮ್ಮ ತಾವಾಗೇ ಕೇಳಿದ್ರು ಕನ್ನಿ. ಹೆಣ್ಣು ಕೊಟ್ಟವರು, ಇಲ್ಲ ಅನ್ನೋಕಾಗತ್ತಾ?”

“ನಂಗೆ ಹೇಳ್ಬೋದಿತ್ತಲ್ಲ ಅಕ್ಕ.”

“ಹೇಳಿದ್ರೆ ನೀನು ಬ್ಯಾಗ್ ನೋಡೋಕೆ ಬರ್ತಿದ್ಯಾ?” ಬಾಯಿಂದ ಜಾರಿದ ಮಾತು. ಅದನ್ನು ಹಿಂದಕ್ಕೆ ಎಳೆದುಕೊಳ್ಳಲಾಗದೆ ಗೋಮತಿ ಅವಸರದಲ್ಲಿ, “ವಿಭೂತಿ ತರ್ತೀನಿ. ನಿನ್ ಹೆಸ್ರಲ್ಲೂ ಕರ್ಪೂರ ಹಚ್ತೀನಿ. ಬಾ, ಕೂರು. ಕರೆಂಟ್ ಹೋಗಿದ್ಯಲ್ಲ,” ಎಂದು ಜಗಲಿಯಲ್ಲಿ ಕೂತು ಪದ ಎತ್ತಿಕೊಂಡಳು. ನಾಲಿಗೆಗೆ ಬಂದದ್ದು ರೂಢಿಯ ಪದವೇ.

“ಅಕ್ಕ ಮುಂದೆ ತಂಗಿ ಹಿಂದೆ ಹತ್ತುತಾರೆ ಬೆಟ್ಟವ...”

ಸಾಲು ಮುಗಿದ ಕಡೆ ಅವಳು ತಡೆದಳು. ಕನ್ನಿಯಮ್ಮಾಳ್ ಜಗಲಿಯ ಅಂಚಿಗೆ ಕೂತು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು. ತಾನು ಹೊಲಿದ ಹೊಲಿಗೆಯ ಮೇಲೆ ಹೆಬ್ಬೆರಳು ಒಂದು ಗಳಿಗೆ ನಿಂತಿತು. ಅದನ್ನು ಬಿಚ್ಚಲಿಲ್ಲ, ಶಿವನ ಹೆಸರಿನಲ್ಲಿ ಹಾಕಿದ್ದು.

“ಅಕ್ಕ ಮುಂದೆ ತಂಗಿ ಹಿಂದೆ...” ಗೋಮತಿಯ ದನಿ ಏರಿತು. ಹೂಂ ಬರಲಿಲ್ಲ.

ಕನ್ನಿಯಮ್ಮಾಳ್ ಎಡಹೆಗಲ ಪಟ್ಟಿಯ ಬಕಲನ್ನು ಎತ್ತಿ, ಪಟ್ಟಿಯನ್ನು ತುದಿಯವರೆಗೂ ಸಡಿಲಿಸಿದಳು. ಆಮೇಲೆ ಬಲಹೆಗಲದ್ದು, ಕೊನೆಗೆ ಸೊಂಟದ್ದು. ತನ್ನ ಬೆನ್ನಿನ ಅಳತೆ ಆ ಬ್ಯಾಗಿನಲ್ಲಿ ಎಲ್ಲೂ ಉಳಿಯಲಿಲ್ಲ.

“ಅವರೇ ಸರಿ ಮಾಡ್ಕೊಳ್ಲಿ,” ಎಂದು ಅದನ್ನು ಜನನಿಯ ಕೈಗೆ ಕೊಟ್ಟು ಎದ್ದಳು.

ಅರ್ಧದಲ್ಲಿ ನಿಂತ ಪದದ ಮುಂದೆ ಗೋಮತಿ ಬಾಯಿ ತೆರೆದುಕೊಂಡೇ ಕೂತಿದ್ದಳು. ಕರೆಂಟು ಇನ್ನೂ ಬಂದಿರಲಿಲ್ಲ. ಕನ್ನಿಯಮ್ಮಾಳ್ ತನ್ನ ಮನೆಯೊಳಗೆ ಹೋಗಿ ಅಗಳಿ ಹಾಕಿಕೊಂಡದ್ದು ಬೀದಿಗೆಲ್ಲ ಕೇಳಿಸಿತು.