ಚುಕ್ಕೆಯಿಲ್ಲದ ಚಕ್ರ

"ತಳ್ರಪ್ಪಾ, ಇನ್ನೊಂದು ಗೇಣು! ಗೋಡೆ ನೋಡ್ಕೊಳ್ಳಿ, ಗೋಡೆ!"

ಪಕ್ಕದ ಮನೆಯ ಬಡಗಿ ಕೂಗುತ್ತಿದ್ದ. ನಾಲ್ಕು ಜನ ಬೆನ್ನು ಬಗ್ಗಿಸಿ ಆ ಪುಟ್ಟ ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳುತ್ತಿದ್ದರು. ಬಾಡಿಗೆ ಕುರ್ಚಿಗಳು ಬಂದಿದ್ದವು, ಹಾಕಲು ಜಾಗವಿರಲಿಲ್ಲ. ನಡುಮನೆಯಲ್ಲಿ ಹೆಣ ಮಲಗಿತ್ತು. ಅದರ ಸುತ್ತ ಹೆಂಗಸರು ಕೂತಿದ್ದರಿಂದ ಗಂಡಸರಿಗೆ ಹೊಸ್ತಿಲು ದಾಟಲೂ ದಾರಿ ಇರಲಿಲ್ಲ.

ಸ್ಟಿಯರಿಂಗ್ ಹಿಡಿದು ಕೂತಿದ್ದವನು ಸತ್ತವನ ಹೆಂಡತಿಯ ತಮ್ಮ. ಸುಮ್ಮನೆ ಕೂರುವುದು ಅವನ ಹಣೆಯಲ್ಲೇ ಬರೆದಿಲ್ಲ. ಕೀಲಿ ಅಲ್ಲೇ ನೇತಾಡುತ್ತಿತ್ತು. ತಿರುಗಿಸಿಯೇಬಿಟ್ಟ.

ಎಂಜಿನ್ನು ಕೆಮ್ಮಲಿಲ್ಲ, ಕ್ಯಾಕರಿಸಲಿಲ್ಲ. ಒಂದೇ ಏಟಿಗೆ ಎದ್ದು ಸಣ್ಣಗೆ ಗುರುಗುಟ್ಟತೊಡಗಿತು. ತಳ್ಳುತ್ತಿದ್ದವರು ಕೈ ತೆಗೆದು ನೆಟ್ಟಗಾದರು.

"ಅಬ್ಬಾ! ಲಿಫ್ಟಣ್ಣ ಕೆಲಸ ಮುಗಿಸಿಯೇ ಹೋಗಿದ್ದಾನೆ ನೋಡ್ರೀ," ಅಂದ ಬಡಗಿ.

ಆ ಮಾತು ಅಂಗಳದಿಂದ ಒಳಗೆ ಹೋಯಿತು. "ಮುಗಿಸಿ ಹೋದನಂತೆ." "ಪುಣ್ಯವಂತ ಕಣ್ರೀ, ಹಿಡಿದ ಕೆಲಸ ಅರ್ಧಕ್ಕೆ ಬಿಡಲಿಲ್ಲ." ಸಾವಿನ ಮನೆಯಲ್ಲಿ ಏನು ಮಾತಾಡುವುದೆಂದು ತಿಳಿಯದೆ ಪರದಾಡುತ್ತಿದ್ದ ಜನಕ್ಕೆ ಒಂದು ಮಾತು ಸಿಕ್ಕಿತ್ತು. ಅದನ್ನೇ ಬಾಯಿಂದ ಬಾಯಿಗೆ ದಾಟಿಸಿಕೊಂಡರು.

ಹೆಣದ ತಲೆಯ ಪಕ್ಕ ಕೂತಿದ್ದ ಹೆಂಡತಿ ಮಾತ್ರ ತಲೆ ಎತ್ತಿದಳು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಯಾವುದನ್ನಾದರೂ ಮುಗಿಸಿದ್ದನ್ನು ಅವಳು ಕಂಡಿರಲಿಲ್ಲ. ಮುಗಿಯಿತು ಅನ್ನುವ ಹೊತ್ತಿಗೆ ಇನ್ನೊಂದು ಸಲ ಬಿಚ್ಚಿ ನೋಡುವ ಜಾಯಮಾನ ಅವನದು. ಅವಳು ಎದ್ದು, ಕಾಲುಗಳನ್ನು ದಾಟಿಕೊಂಡು ಹೊರಗೆ ಬಂದಳು.

ಬಾಗಿಲಿಗೆ ಕಾರಿನ ಎಡಮಗ್ಗುಲು ಕಾಣುತ್ತಿತ್ತು. ಮುಂದಿನ ಚಕ್ರದ ನಾಲ್ಕೂ ನಟ್ಟಿನ ಮೇಲೆ ಒಂದೊಂದು ಕೆಂಪು ಚುಕ್ಕೆ. ಅವಳು ಮುಂದಿನಿಂದ ಸುತ್ತು ಹಾಕಿ ಡ್ರೈವರ್ ಕಡೆಗೆ ಬಂದಳು. ಆ ಕಡೆಯ ನಟ್ಟುಗಳು ಬೋಳಾಗಿ ಹೊಳೆಯುತ್ತಿದ್ದವು.

"ಅಕ್ಕಾ, ಭಾವನ ಹಿಂದೆ ಭಾವನ ಕಾರಲ್ಲೇ ಹೋಗ್ತೀನಿ," ಅಂದ ತಮ್ಮ, ಕಿಟಕಿಯಿಂದ ತಲೆ ಹೊರಗೆ ಹಾಕಿ. ಅವನ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. "ನಿನ್ನ ಮಗಳನ್ನೂ ಕೂರಿಸ್ಕೋತೀನಿ. ಸ್ಮಶಾನದ ದಾರೀಲಿರೋ ಆ ದಿಣ್ಣೆ ಏರಿಸಿ ತೋರಿಸ್ತೀನಿ ಇವತ್ತು."

*

ಅವಳ ಗಂಡ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದ. ದಿನವಿಡೀ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದು. ರೋಗಿಗಳನ್ನು ಮೇಲೆ ಒಯ್ಯುವುದು, ಸತ್ತವರನ್ನು ಕೆಳಗೆ ತರುವುದು. ಕೇರಿಯ ಬಾಯಲ್ಲಿ ಅವನು ಲಿಫ್ಟಣ್ಣ. ಸಂಜೆ ಮನೆಗೆ ಬಂದರೆ ಮೂರು ಕೈ ದಾಟಿ ಬಂದ ಈ ಕಾರು.

ಮಗಳ ಗಂಡನ ಮನೆ ದಿಣ್ಣೆಯ ಆಚೆ. ಮದುವೆಯ ದಿನ ಮದುಮಕ್ಕಳನ್ನು ಇದರಲ್ಲೇ ಕಳಿಸುತ್ತೇನೆಂದು ಹಠ ಹಿಡಿದ. ಅರ್ಧ ಏರು ಹತ್ತುವಷ್ಟರಲ್ಲಿ ಕಾರು ಉಸ್ಸೆಂದು ನಿಂತಿತು. ಹಿಂದೆ ಬಸ್ಸಿನಲ್ಲಿ ಬರುತ್ತಿದ್ದ ಬೀಗರು ಇಳಿದು, ಅಂಗಿಯ ತೋಳು ಮಡಚಿ ತಳ್ಳಿದರು. "ಸೊಸೇನ ಕರ್ಕೊಂಡು ಬಂದ್ವಿ ಅಂತ ಯಾರಂದ್ರು? ತಳ್ಕೊಂಡು ಬಂದ್ವಿ!" ಅಂದ ಬೀಗರಲ್ಲಿ ಒಬ್ಬ ಹಿರಿಯ. ಎಲ್ಲರೂ ನಕ್ಕರು. ಇವನೂ ನಕ್ಕ. ಮನೆಗೆ ಬಂದು ಊಟಕ್ಕೆ ಕೂರಲಿಲ್ಲ.

ಆಮೇಲೆ ಶೆಡ್ಡಿನ ತೊಲೆಗೆ ಸರಪಳಿ ಬಿತ್ತು. ಹಳೇ ಎಂಜಿನ್ನು ಮೇಲಕ್ಕೆದ್ದು ನೇತಾಡಿತು. ಗುಜರಿಯಿಂದ ದೊಡ್ಡ ಕಾರಿನ ಎಂಜಿನ್ನೊಂದು ಬಂತು. ಅದು ಕೂರಲಿಲ್ಲ, ಕೂರುವ ಹಾಗೆ ಕಬ್ಬಿಣ ಕತ್ತರಿಸಿ, ಬೆಸೆದು, ಮತ್ತೆ ಕತ್ತರಿಸಿದ. ನಾಲ್ಕು ಗೇರಿನ ಪೆಟ್ಟಿಗೆ ಹೋಗಿ ಐದು ಗೇರಿನದು ಬಂತು. ಅದನ್ನು ಕೂರಿಸುವ ತನಕ ಹಳೇ ದುಪ್ಪಟಿ ಹೊದಿಸಿ ಮಂಚದ ಕೆಳಗೆ ಮಲಗಿಸಿದ್ದ. ಫ್ರಿಜ್ಜು ತೆಗೆದರೆ ಹಾಲಿನ ಪಕ್ಕ ಬೇರಿಂಗು. ತಣ್ಣಗಾದರೆ ಕುಗ್ಗುತ್ತೆ, ಸಲೀಸಾಗಿ ಕೂರುತ್ತೆ ಅಂತ ಅವನ ವಾದ.

"ಇದು ಕಾರಲ್ಲ, ನನ್ನ ಸವತಿ," ಎಂದು ಅವಳು ಬೇಲಿಯ ಆಚೆಗೂ ಕೇಳುವ ಹಾಗೆ ಹೇಳುತ್ತಿದ್ದಳು. "ಸವತಿಗೆ ಹೊಸ ಪಿಸ್ಟನ್ನು, ನನಗೆ ಹಳೇ ಚಪ್ಪಲಿ." ಕೇರಿಯವರಿಗೆ ಅದು ಬಾಯಿಪಾಠವಾಯಿತು. ದಾರಿಯಲ್ಲಿ ಸಿಕ್ಕವರೆಲ್ಲ "ನಿಮ್ಮ ಸವತಿ ಹೇಗಿದ್ದಾಳೆ?" ಅನ್ನುವವರೇ.

ಬೈಯುತ್ತಲೇ ಟಾರ್ಚು ಹಿಡಿಯುತ್ತಿದ್ದವಳೂ ಅವಳೇ. ಎಂಜಿನ್ನಿನ ತಲೆಬುಡ ಅವಳಿಗೆ ಗೊತ್ತಾಗಲಿಲ್ಲ, ಅವನ ರೂಢಿ ಗೊತ್ತಾಯಿತು. ಯಾವ ಬೋಲ್ಟನ್ನೇ ಆಗಲಿ ಮೊದಲು ಬೆರಳಲ್ಲಿ ತಿರುಗಿಸಿ ಕೂರಿಸುತ್ತಿದ್ದ. ಎಲ್ಲ ಕೂತ ಮೇಲೆ ಉದ್ದ ಹಿಡಿಯ ಸ್ಪ್ಯಾನರ್ ಹಾಕುತ್ತಿದ್ದ. ಸಾಕಷ್ಟು ಬಿಗಿಯಾದ ಕೂಡಲೇ ಅದು ಕಟಕ್ ಅನ್ನುತ್ತಿತ್ತು. ಕಟಕ್ ಅಂದ ಮೇಲೆ, ಮಗಳು ಬಿಟ್ಟುಹೋದ ಉಗುರಿನ ಬಣ್ಣದ ಸೀಸೆ ತೆಗೆದು ಒಂದು ಕೆಂಪು ಚುಕ್ಕೆ. ಒಳಗಿನ ಬೋಲ್ಟಿಗೆ ಚುಕ್ಕೆ ಬೀಳದೆ ಹೊರಗಿನದಕ್ಕೆ ಕೈ ಹಾಕುತ್ತಿರಲಿಲ್ಲ.

"ಬೋಲ್ಟಿಗೂ ಶೃಂಗಾರ ಮಾಡೋ ಗಂಡಸನ್ನ ಇಲ್ಲೇ ನೋಡಿದ್ದು," ಅಂದಿದ್ದಳು ಒಮ್ಮೆ.

"ನಗಬೇಡ ಕಣೇ. ಸಡಿಲ ಬೋಲ್ಟು ಮಹಾ ಕಪಟಿ. ಮನೆ ಮುಂದೆ ಸಾಧುವಿನ ಹಾಗೆ ಇರುತ್ತೆ. ಏರಿನಲ್ಲೂ ಸುಮ್ನಿರುತ್ತೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಕೈಕೊಡುತ್ತೆ."

*

"ಆ ಕಾರು ಬೇಡ," ಅಂದಳು ಅವಳು.

ತಮ್ಮ ಎಂಜಿನ್ನು ಆರಿಸಿ ಕೆಳಗಿಳಿದ. "ಯಾಕಕ್ಕಾ?"

"ಈ ಚಕ್ರಕ್ಕೆ ಚುಕ್ಕೆ ಇಲ್ಲ."

"ಏನಿಲ್ಲ?"

"ಚುಕ್ಕೆ ಕಣೋ. ಆ ಕಡೆ ನೋಡು, ಇದೆ. ಈ ಕಡೆ ಇಲ್ಲ. ಇದನ್ನು ಅವರು ಮುಗಿಸಿಲ್ಲ."

ಬಡಗಿ ಮುಂದೆ ಬಂದ. ನಿನ್ನೆ ಬೆಳಿಗ್ಗೆ ಅವಳ ಕೂಗು ಕೇಳಿ ಗೋಡೆ ಹಾರಿ ಓಡಿಬಂದವನು ಅವನೇ. ಕಾರಿನ ಪಕ್ಕ ಎದೆ ಹಿಡಿದುಕೊಂಡು ಒರಗಿದ್ದವನನ್ನು ಎತ್ತಿದವನೂ ಅವನೇ. "ಅತ್ತಿಗೆ, ಆ ಚಕ್ರ ಹಾಕಿದ್ದು ನಾನು. ಸ್ಟ್ರೆಚರ್ ಒಳಗೆ ಬರೋಕೆ ಜಾಗ ಇರ್ಲಿಲ್ಲ. ಚಕ್ರ ಸಿಗಿಸಿ, ಜಾಕ್ ಇಳಿಸಿ, ಕಾರು ಹಿಂದಕ್ಕೆ ತಳ್ಳಿದ್ವಿ. ಆಮೇಲೆ ಕೂತು ನಾಲ್ಕೂ ನಟ್ಟು ಬಿಗಿದಿದ್ದೀನಿ. ನನ್ನ ಬಿಗಿ ಬಿಚ್ಚೋಕೆ ಆನೆ ಬರಬೇಕು."

"ಹೊರಗಿಂದಲ್ಲಪ್ಪಾ. ಅದರ ಹಿಂದೆ ಚಕ್ರದ ಕಾಲನ್ನ ಕಾರಿಗೆ ಹಿಡಿದಿಡೋ ಬೋಲ್ಟಿದೆ. ಅದು?"

"ಎಲ್ಲಾ ಜಾಗದಲ್ಲೇ ಇದ್ವು."

"ಜಾಗದಲ್ಲಿದ್ವು. ಬಿಗಿ ಇದ್ವಾ?"

ಬಡಗಿಗೆ ಮುಖಭಂಗವಾಯಿತು. "ಅದೆಲ್ಲ ಅಣ್ಣ ಮಾಡಿರ್ತಾನೆ ಬಿಡಿ," ಅಂದು ಕುರ್ಚಿಗಳ ಕಡೆ ಹೋದ.

ಅವಳಿಗೆ ನಿನ್ನೆಯ ಮಾತು ಕಿವಿಯಲ್ಲೇ ಇತ್ತು. ತಿಂಡಿ ಆರುತ್ತದೆಂದು ಅಡುಗೆಮನೆಯಿಂದ ಕೂಗಿದ್ದಳು. "ಬಂದೆ ಬಂದೆ. ಬೆರಳಲ್ಲಿ ಕೂರಿಸಿದ್ದೀನಿ, ಈ ಕಡೆ ಬಿಗಿ ಮಾಡೋದೊಂದು ಬಾಕಿ," ಅಂದಿದ್ದ. ಎರಡನೇ ಸಲ ಕೂಗಿದಾಗ ಉತ್ತರ ಬರಲಿಲ್ಲ. ಅದನ್ನೇ ಈಗ ತಮ್ಮನಿಗೆ ಹೇಳಿದಳು.

"ಅಷ್ಟು ಹೇಳಿದ ಮೇಲೆ ಬಿಗಿ ಮಾಡಿರಬಹುದಲ್ಲಕ್ಕಾ?"

"ಮಾಡಿದ್ದರೆ ಚುಕ್ಕೆ ಇಡ್ತಿದ್ದರು."

"ಎದೆ ಹಿಡ್ಕೊಂಡಿರೋ ಮನುಷ್ಯ ಬಣ್ಣ ಹಚ್ಕೊಂಡು ಕೂರ್ತಾನಾ?"

ಅವಳು ಮಾತು ಬಿಟ್ಟು ನೆಲಕ್ಕೆ ಕೂತಳು. ಮೊಣಕೈ ಊರಿ, ಕೆನ್ನೆ ಮಣ್ಣಿಗೆ ತಾಗುವ ಹಾಗೆ ಬಗ್ಗಿ, ಚಕ್ರದ ಹಿಂದೆ ಕೈ ಹಾಕಿದಳು. ಕತ್ತಲು, ಗ್ರೀಸು. ಬೆರಳಿಗೆ ಒಂದು ಬೋಲ್ಟಿನ ತಲೆ ತಗುಲಿತೋ ಇಲ್ಲವೋ, ಹಿಂದಿನಿಂದ ನಾಲ್ಕು ಕೈ ಅವಳ ಭುಜ ಹಿಡಿದು ಎಬ್ಬಿಸಿದವು.

"ಏಳಮ್ಮಾ, ಏಳು. ಜನ ನೋಡ್ತಿದ್ದಾರೆ." ಮಗಳು. ಅತ್ತು ಅತ್ತು ಅವಳ ಮುಖ ಊದಿತ್ತು. "ಇವತ್ತೊಂದು ದಿನ ಆ ಕಾರಿನ ಮೇಲೆ ಸಿಟ್ಟು ಬಿಡಮ್ಮಾ. ಅಪ್ಪನ ಜೀವ ಇದ್ದದ್ದೇ ಅದರಲ್ಲಿ."

"ಸಿಟ್ಟಲ್ವೇ. ಬೋಲ್ಟು..."

"ಸವತಿ ಮತ್ಸರ," ಅಂದರು ಕುರ್ಚಿಯಲ್ಲಿದ್ದವರು ಯಾರೋ, ಮೆಲ್ಲಗೆ. ಒಂದಿಬ್ಬರು ನಗು ತಡೆದುಕೊಂಡರು. ಪಾಪ, ಅವರ ತಪ್ಪೇನಿತ್ತು? ವರ್ಷಗಟ್ಟಲೆ ಆ ಮಾತು ಅವರ ಬಾಯಿಗೆ ಹಾಕಿದವಳು ಅವಳೇ.

ತಮ್ಮ ಆಗಲೇ ಕಾರು ಹತ್ತಿದ್ದ. ಕೇರಿಯ ಕೊನೆಯ ತನಕ ಹೋಗಿ, ತಿರುಗಿಸಿಕೊಂಡು, ಬಾಗಿಲ ಮುಂದೆ ತಂದು ನಿಲ್ಲಿಸಿದ. "ನೋಡಿದ್ಯಾ? ಏನಾದ್ರೂ ಆಯ್ತಾ? ಬೆಣ್ಣೆ ಕಣಕ್ಕಾ, ಬೆಣ್ಣೆ!"

ಮನೆ ಮುಂದೆ ಸಾಧು.

*

ತಮ್ಮ ಕೀಲಿಯನ್ನು ಬಾಗಿಲ ಹಿಂದಿನ ಮೊಳೆಗೆ ಸಿಗಿಸಿ ನೀರು ಕುಡಿಯಲು ಹೋದ. ಅವಳು ಗ್ರೀಸಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊಳೆಯ ಮುಂದೆ ಹಾದುಹೋಗಿ, ಮತ್ತೆ ಹೆಣದ ಪಕ್ಕ ಕೂತಳು. ಹೊದಿಕೆ ಸರಿಮಾಡುವವಳ ಹಾಗೆ ಗಂಡನ ಎದೆಯ ಮೇಲೆ ಕೈ ಆಡಿಸಿದಳು. ಅಂಗಿಯ ಜೇಬು ತಣ್ಣಗಿತ್ತು. ಕೀಲಿ ಸದ್ದಿಲ್ಲದೆ ಅದರೊಳಗೆ ಇಳಿಯಿತು.

ಹೊರಡುವ ಹೊತ್ತಿಗೆ ಗುಲ್ಲೆದ್ದಿತು. ಮೊಳೆಯ ಮೇಲೆ ಕೀಲಿ ಇಲ್ಲ. ತಮ್ಮ ಎಲ್ಲರ ಜೇಬು ತಡಕಿ, ಸೋಫಾದ ಸಂದು ಕೆದಕಿ, ಕೊನೆಗೆ ಅಕ್ಕನ ಮುಖ ನೋಡಿದ. ಅಕ್ಕ ಹೆಣದ ಮುಖ ನೋಡುತ್ತಿದ್ದಳು.

ವ್ಯಾನಿನವನು ಹಾರ್ನ್ ಹೊಡೆದ. ಹೆಣದ ಜೊತೆ ಕೂರಲು ಒಳಗೆ ಸ್ವಲ್ಪವೇ ಜಾಗ.

"ನೀನೂ ಹತ್ತು ಬಾ," ಅಂದಳು ಮಗಳಿಗೆ.

"ಆ ವಾಸನೆಗೆ ನನಗೆ ವಾಂತಿ ಬರುತ್ತಮ್ಮಾ. ಮಾವನ ಜೊತೆ ಬರ್ತೀನಿ. ಕೀಲಿ ಸಿಗದಿದ್ರೆ ಆಟೋ ಹಿಡಿತೀವಿ."

ಆಟೋ. ಆಗಲಿ. ಅವಳ ಎದೆ ಮೊದಲ ಸಲ ಹಗುರಾಯಿತು. ವ್ಯಾನಿನ ಬಾಗಿಲು ಮುಚ್ಚಿತು. ದಿಣ್ಣೆ ಏರುವಾಗ ವ್ಯಾನು ಏದುಸಿರು ಬಿಟ್ಟಿತು, ಹೆಣ ಸ್ವಲ್ಪ ಹಿಂದಕ್ಕೆ ಜಾರಿತು. ಅವಳು ಎರಡೂ ಕೈಯಿಂದ ಅವನ ಪಾದ ಹಿಡಿದುಕೊಂಡಳು. ನೆತ್ತಿ ದಾಟಿದ ಮೇಲೆ ಉದ್ದ ಇಳಿಜಾರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಇಳಿಜಾರು ಮುಗಿಯುವಲ್ಲಿ ಸ್ಮಶಾನ.

*

"ಕೀಲಿ ಎರಡು ಮಾಡಿಸಿದೆ ಕಣೇ," ಅಂದಿದ್ದ ಅವನು ಹೋದ ತಿಂಗಳು, ಹೊಸ ಕೀಲಿಗಳನ್ನು ಬೆಳಕಿಗೆ ಹಿಡಿದು ನೋಡುತ್ತ.

"ನನಗಂತೂ ಬೇಡಪ್ಪಾ ನಿಮ್ಮ ಕೀಲಿ," ಅಂದಿದ್ದಳು ಪಾತ್ರೆ ಉಜ್ಜುತ್ತ.

ಅವನು ನಕ್ಕು ಒಂದನ್ನು ಜೇಬಿಗೆ ಹಾಕಿಕೊಂಡಿದ್ದ. ಇನ್ನೊಂದು ಯಾರಿಗೆ ಅಂತ ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

*

ಹೊತ್ತು ಮೀರುತ್ತದೆಂದು, ಹಿಂದೆ ಬರುವವರಿಗೆ ಕಾಯದೆ ಹೆಣ ಇಳಿಸಿದರು. ಅವಳು ಗುಂಡಿಯ ಅಂಚಿನಲ್ಲಿ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು. ಅದು ಎದೆಯ ಮೇಲೆ ಬಿತ್ತು. ಅದರ ಅಡಿಯಲ್ಲಿ ಹೊದಿಕೆ, ಹೊದಿಕೆಯ ಅಡಿಯಲ್ಲಿ ಜೇಬು. ಸಲಿಕೆಗಳು ಎದ್ದವು. ಮಣ್ಣು ಒಂದೊಂದೇ ಪದರ ಕೂತಂತೆ ಅವಳ ಉಸಿರು ನೆಲೆಗೆ ಬಂತು. ಇನ್ನು ಆ ಕೀಲಿಯನ್ನು ಯಾರೂ ತೆಗೆಯಲಾರರು. ನಾಳೆ ಮೆಕ್ಯಾನಿಕ್‌ನನ್ನು ಕರೆಸಿ ಆ ಬೋಲ್ಟು ತೋರಿಸಿದರಾಯಿತು. ಆಮೇಲೆ ಎಲ್ಲರ ಮುಂದೆ ತಮ್ಮನ ಕಿವಿ ಹಿಂಡಬೇಕು.

ಬಡಗಿಯ ಫೋನು ರಿಂಗಾಯಿತು. ಅವನು ಪಕ್ಕಕ್ಕೆ ಸರಿದು ಮಾತಾಡಿ ಬಂದ.

"ಹೊರಟು ಆಗಲೇ ಅರ್ಧ ಏರಿದ್ದಾರಂತೆ," ಅಂದ ಪಕ್ಕದವನಿಗೆ.

"ಆಟೋ ಸಿಕ್ತಂತಾ?"

"ಯಾವ ಆಟೋ? ಮಗಳ ಹತ್ರ ಇನ್ನೊಂದು ಕೀಲಿ ಇತ್ತಂತೆ ಕಣೋ, ಅವಳ ಪರ್ಸಿನಲ್ಲಿ. ಅಪ್ಪ ಮೊನ್ನೆ ಗುಟ್ಟಾಗಿ ಕೊಟ್ಟಿದ್ದನಂತೆ, 'ರೆಡಿಯಾದ ಮೇಲೆ ಕಾರು ನಿಂದೇ, ಯಾರ ಕೈಲೂ ತಳ್ಳಿಸ್ಕೋಬೇಡ' ಅಂತ. ಅಳ್ತಾ ಅಳ್ತಾ ಈಗ ನೆನಪಾಯ್ತಂತೆ."

ಅವಳ ಕೈಯಲ್ಲಿದ್ದ ಎರಡನೇ ಹಿಡಿ ಮಣ್ಣು ಅಲ್ಲೇ ಉದುರಿತು.

ಅಷ್ಟರಲ್ಲಿ ದಿಣ್ಣೆಯ ಆಚೆಯಿಂದ ಸದ್ದು ಕೇಳಿಸಿತು. ಸಲಿಕೆ ಹಿಡಿದವರೂ ನಿಂತು ಕಿವಿಗೊಟ್ಟರು. ಉಬ್ಬಸವಿಲ್ಲ, ಮುಲುಕಾಟವಿಲ್ಲ. ಗೇರು ಬದಲಾದದ್ದು ಸಹ ಉಸಿರೆಳೆದಷ್ಟು ಮೆತ್ತಗೆ.

"ಕೇಳ್ರೀ, ಕೇಳ್ರೀ!" ಅಂದ ಬಡಗಿ. "ಲಿಫ್ಟಣ್ಣ ಗೆದ್ದುಬಿಟ್ಟ."

ಅವಳು ಆಗಲೇ ಓಡುತ್ತಿದ್ದಳು. ಕಲ್ಲುಗಳ ನಡುವೆ ಎಡವಿ, ಚಪ್ಪಲಿ ಬಿಟ್ಟು, ಗೇಟು ದಾಟಿ ರಸ್ತೆಯ ನಡುವೆ ಬಂದು, ಏರಿನ ಕಡೆ ಮುಖ ಮಾಡಿ ಎರಡೂ ತೋಳು ಎತ್ತಿ ಬೀಸತೊಡಗಿದಳು. "ನಿಲ್ಸೋ! ಅಲ್ಲೇ ನಿಲ್ಸೋ!" ಹಿಂದಿನಿಂದ ಯಾರೋ "ಹಿಡ್ಕೊಳ್ರೋ ಅವಳನ್ನ" ಅಂತ ಕೂಗಿದರು.

ಕಾರು ನೆತ್ತಿಯ ಮೇಲೆ ಕಾಣಿಸಿತು. ತೊಳೆದು ಒರೆಸಿದ ಗಾಜಿನಲ್ಲಿ ಬಿಸಿಲು ಫಳ್ಳೆಂದಿತು. ಎಡಗಡೆಯ ಕಿಟಕಿಯಿಂದ ಮಗಳ ಕೈ ಹೊರಗೆ ಬಂತು. ಅಮ್ಮ ಕೈ ಬೀಸುತ್ತಿದ್ದಾಳೆಂದು ಅವಳೂ ಬೀಸಿದಳು. ತಮ್ಮ ಉದ್ದಕ್ಕೆ ಒಂದು ಹಾರ್ನ್ ಹೊಡೆದ. ಕಾರು ಮೂತಿ ತಗ್ಗಿಸಿ ಇಳಿಜಾರಿಗೆ ಬಂತು. ಒಂದು ಕಡೆಯ ಚಕ್ರ ನೆಟ್ಟಗಿತ್ತು. ಚುಕ್ಕೆಯಿಲ್ಲದ್ದರ ಬುಡ ಒಂದು ಬೆರಳಿನಷ್ಟು ಹೊರಕ್ಕೆ ಚಾಚಿತ್ತು.